ಹೆಂಚಿನ ಮೇಲಿನ ಇಸವಿ, ಗೋಡೆಯ ತೇವ

ಪ್ರಶ್ನೆ: ಸಾಗರದ ಹಳೆ ಪೇಟೆ ಬೀದಿಯಲ್ಲಿ ನಮ್ಮ ಅಜ್ಜನ ಕಾಲದ ಬಟ್ಟೆ ಅಂಗಡಿ ಇದೆ. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ, ಒಂದೊಂದೇ ಹಲಗೆ ಸಾಲಾಗಿ ಕೂರಿಸುವ ಹಲಗೆ ಬಾಗಿಲು, ಮುಂದೆ ಜಗಲಿ, ಮೇಲೆ ಅಟ್ಟ. ಹೆಂಚು ಇಳಿಸಿ ನೋಡಿದರೆ ‘ಬಾಸೆಲ್ ಮಿಷನ್ 1865’ ಅಂತ ಅಚ್ಚಿದೆ. ಅಂಗಡಿ ಅಷ್ಟು ಹಳೆಯದಾ? ಐದು ವರ್ಷದ ಹಿಂದೆ ಸಿಮೆಂಟ್ ಗಿಲಾವು ಮಾಡಿಸಿದೆವು, ಈಗ ಮೊಣಕಾಲಿನ ಎತ್ತರದವರೆಗೆ ತೇವ. ಕೆಡವಿ ಆರ್‌ಸಿಸಿ ಕಟ್ಟಿಸಿ ಅಂತ ಎಲ್ಲರೂ ಹೇಳುತ್ತಾರೆ. ಏನು ಮಾಡೋಣ?

ಉತ್ತರ: ದಯವಿಟ್ಟು ಕೆಡವಬೇಡಿ. ನಿಮ್ಮ ತೊಂದರೆ ಗೋಡೆಯದ್ದಲ್ಲ, ಗಿಲಾವಿನದ್ದು.

ಮೊದಲು ಹೆಂಚಿನ ವಿಷಯ. 1865 ಅಂದರೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ಆ ಹೆಂಚು ಸುಟ್ಟ ವರ್ಷ ಅಲ್ಲ. ಆಮೇಲೂ ಎಷ್ಟೋ ಕಾಲ ಅದೇ ಇಸವಿ ಒತ್ತುತ್ತಿದ್ದರು. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಬ್ರಿಟಿಷ್ ಕಂಪನಿ ಕೈಗೆ ಹೋಯಿತು, ಮಿಷನ್ ಹೆಸರಿರುವ ನಿಮ್ಮ ಹೆಂಚು ಅದಕ್ಕೂ ಹಿಂದಿನದಾದರೆ ಅದಕ್ಕೆ ನೂರು ವರ್ಷ ದಾಟಿರಬಹುದು. ಅಂಗಡಿಗೂ ಅಷ್ಟೇ ವಯಸ್ಸು ಅನ್ನೋಕಾಗಲ್ಲ, ಹಳೆ ಮನೆ ಬಿಚ್ಚಿದಾಗ ಹೆಂಚು ತಂದು ಇನ್ನೊಂದು ಕಡೆ ಹೊದಿಸುವುದು ನಮ್ಮ ಕಡೆ ಮಾಮೂಲು ಅಲ್ವಾ. ಹಳೆ ಕ್ರಯಪತ್ರ ಹುಡುಕಿ.

ಈಗ ತೇವ. ಜಂಬಿಟ್ಟಿಗೆ ನೆಲದಿಂದ ನೀರು ಹೀರುತ್ತದೆ. ಮೊದಲು ಸುಣ್ಣದ ಗಾರೆ ಇದ್ದಾಗ ಆ ನೀರು ಗೋಡೆಯ ಮೈಯಿಂದಲೇ ಆರಿಹೋಗುತ್ತಿತ್ತು, ಸಿಮೆಂಟ್ ಬಂದು ಆ ದಾರಿ ಮುಚ್ಚಿತು, ನೀರು ಒಳಗೇ ಉಳಿದು ಮೇಲೆ ಏರುತ್ತಿದೆ. ತೇವ ಇರುವಲ್ಲಿ ಬೆರಳಿನ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಗಿಲಾವು ಆಗಲೇ ಗೋಡೆ ಬಿಟ್ಟಿದೆ, ಹಿಂದಿನ ಕಲ್ಲು ಪುಡಿಯಾಗುತ್ತಿರುತ್ತದೆ. ಮಳೆಗಾಲ ಮುಗಿದ ತಕ್ಷಣ ಸಿಮೆಂಟ್ ಕೆತ್ತಿಸಿ, ಗೋಡೆ ಪೂರ್ತಿ ಆರಲು ಬಿಡಿ, ಅವಸರ ಬೇಡ. ಆಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಹಾಕಿ ಗಾರೆ ಮಾಡಿಸಿ. ಸುಣ್ಣ ಗಾಳಿ ಕುಡಿದು ನಿಧಾನಕ್ಕೆ ಗಟ್ಟಿಯಾಗುವಂಥದ್ದು, ಹಾಗಾಗಿ ಬೇಗ ಒಣಗದಂತೆ ಹತ್ತಾರು ದಿನ ಒದ್ದೆ ಗೋಣಿ ಹೊದಿಸಿಡಿ. ‘ಬೇಗ ಆಗಲಿ’ ಅಂತ ಮೇಸ್ತ್ರಿ ಸ್ವಲ್ಪ ಸಿಮೆಂಟ್ ಬೆರೆಸಲು ಹೊರಟರೆ ಒಪ್ಪಬೇಡಿ.

ಜೊತೆಗೆ ರಸ್ತೆಯನ್ನೂ ನೋಡಿ. ಪ್ರತಿ ಸಲ ಡಾಂಬರು ಹಾಕಿ ರಸ್ತೆ ಜಗಲಿಗಿಂತ ಎತ್ತರವಾಗಿದ್ದರೆ ನೀರು ಗೋಡೆ ಬುಡಕ್ಕೇ ಬರುತ್ತದೆ, ಚರಂಡಿ ಸರಿಯಾಗದೆ ಯಾವ ಗಾರೆಯೂ ನಿಲ್ಲಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸುವಾಗ (ತೆಗೆದು ಸರಿಯಾಗಿ ಕೂರಿಸುವಾಗ) ಪಕಾಸಿನ, ಅಂದರೆ ಹೆಂಚು ಹೊರುವ ಮರದ, ತುದಿಗೆ ಗೆದ್ದಲು ಹತ್ತಿದೆಯಾ ಅಂತಲೂ ನೋಡಿ.

ಹಲಗೆ ಬಾಗಿಲು ತೆಗೆದು ಶಟರ್ ಹಾಕಿಸಬೇಡಿ. ಹಲಗೆಗಳ ಮೇಲೆ ಒಂದು, ಎರಡು, ಮೂರು ಅಂತ ಅಂಕಿ ಇದ್ದರೆ ಬಣ್ಣ ಹೊಡೆಸುವಾಗ ಅದನ್ನು ಮುಚ್ಚಬೇಡಿ. ಸಾಲು ತಪ್ಪಿದರೆ ಕೊನೆಯ ಹಲಗೆ ಕೂರುವುದೇ ಇಲ್ಲ.