"ಆಕಿಗೆ ಮಾದಲಿ ಹಾಕಬ್ಯಾಡ್ರಿ"

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ ಒಂಬತ್ತು ವರ್ಷ. ಟೈಪ್ 1 ಡಯಾಬಿಟೀಸ್ ಅಂತ ಗೊತ್ತಾಗಿ ಎರಡು ವರ್ಷವಾಯ್ತು, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಈ ಸಲ ಗವಿಮಠದ ಜಾತ್ರೆಗೆ ಹೋಗಿದ್ದೆವು. ದಾಸೋಹದಲ್ಲಿ ಊಟಕ್ಕೆ ಕೂತು, ಸಿಹಿ ಮಾದಲಿ ಬಡಿಸುವಾಗ ನೆಂಟರೊಬ್ಬರು ಎಲ್ಲರಿಗೂ ಕೇಳುವಂತೆ "ಪಾಪ, ಶುಗರ್ ಪೇಶೆಂಟ್ ಐತಿ ಅದು, ಆಕಿಗೆ ಮಾದಲಿ ಹಾಕಬ್ಯಾಡ್ರಿ" ಅಂದರು. ಮಗಳು ರೊಟ್ಟಿಯನ್ನೂ ಬಿಟ್ಟು ಎದ್ದಳು. ಅತ್ತೆಯಂತೂ "ಚಾಕಲೇಟ್ ತಿನಿಸಿ ತಿನಿಸಿ ಹಿಂಗ ಮಾಡಿದಿ" ಅಂತ ನನ್ನನ್ನೇ ಬೈಯುತ್ತಾರೆ. ಇವರಿಗೆಲ್ಲ ಏನು ಹೇಳಲಿ?
– ಒಬ್ಬ ತಾಯಿ, ಕೊಪ್ಪಳ

ಉತ್ತರ: ತಂಗೀ, ಓದಿ ಸಿಟ್ಟು ಬಂತು. "ಅದು" ಅಂದಿದ್ದು ಬಿಡಿ, ನಮ್ಮ ಕಡೆ ಮಕ್ಕಳಿಗೆ ಪ್ರೀತಿಯಿಂದಲೂ ಹಾಗೆ ಅಂತೀವಿ. ಚುಚ್ಚಿದ್ದು "ಪೇಶೆಂಟ್". ಅದೂ ಅಲ್ಲದೆ, ಊಟಕ್ಕೆ ಅಂತ ಇನ್ಸುಲಿನ್ ತಗೊಂಡ ಮಗು ಹಾಗೆ ಎದ್ದು ಹೋದರೆ ಶುಗರ್ ಲೋ ಆಗುತ್ತದೆ, ಅದು ನಿಮಗೆ ಗೊತ್ತು, ಆ ನೆಂಟರಿಗೆ ಗೊತ್ತಿಲ್ಲ.

ಅತ್ತೆಗೆ ಸಮಾಧಾನವಾಗಿ ಹೇಳಿ, ಟೈಪ್ 1 ಚಾಕಲೇಟ್ ತಿಂದು ಬರುವಂಥದ್ದಲ್ಲ. ರೋಗದ ವಿರುದ್ಧ ಹೋರಾಡಬೇಕಾದ ಮೈಯ ಶಕ್ತಿಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳು ಮಾಡುತ್ತದೆ. ಯಾರ ತಪ್ಪೂ ಇಲ್ಲ. "ಸಕ್ಕರೆ ಕಾಯಿಲೆ" ಅನ್ನೋ ಹೆಸರೇ ಅರ್ಧ ಎಡವಟ್ಟು ಮಾಡಿದೆ ಅಂತ ನನಗೆ ಅನಿಸುತ್ತದೆ, ಕೇಳಿದವರಿಗೆ ಸೀದಾ ಸಕ್ಕರೆ ಡಬ್ಬಿ ನೆನಪಾಗುತ್ತೆ, ಅಲ್ವಾ?

"ಆಕಿಗೆ ಶುಗರ್ ಐತಿ" ಅನ್ನಲಿ, ಸಾಕು. ಜ್ವರ ಬಂದವಳನ್ನು ಯಾರಾದರೂ ಜ್ವರದ ಹುಡುಗಿ ಅಂತಾರಾ? ಅಮೆರಿಕದ ಡಯಾಬಿಟೀಸ್ ಸಂಘ 2017ರಲ್ಲಿ ಡಾಕ್ಟರು, ನರ್ಸುಗಳಿಗೆ ಇದನ್ನೇ ಹೇಳಿತು: "ಡಯಾಬಿಟಿಕ್" ಬೇಡ, "ಡಯಾಬಿಟೀಸ್ ಇರುವವರು" ಅನ್ನಿ ಅಂತ. ಕನ್ನಡದಲ್ಲಿ ಆ ಮಾತು ಮೊದಲಿಂದಲೂ ಇದೆ, ನಾವು ಬಳಸಬೇಕಷ್ಟೆ.

ಈಗ ನಿಮಗೊಂದು ಮಾತು, ಬೇಜಾರಾಗಬೇಡಿ. ಶುಗರ್ ನೋಡುವ ಮೀಟರಿನಲ್ಲಿ 250 ಅಂತ ಜಾಸ್ತಿ ಕಂಡ ಕೂಡಲೇ "ಕದ್ದು ಏನ ತಿಂದಿ, ಖರೇ ಹೇಳು" ಅಂತ ಕೇಳುವ ಅಮ್ಮಂದಿರು ಜಾಸ್ತಿ. ಜ್ವರ ಬಂದರೂ ಏರುತ್ತೆ, ಪರೀಕ್ಷೆ ಟೆನ್ಶನ್ನಿಗೂ ಏರುತ್ತೆ. ದಿನಾ ಬೈಗುಳ ಬಿದ್ದರೆ ಮಗು ಚೆಕ್ ಮಾಡಿಕೊಳ್ಳದೆ ಸುಮ್ನೆ ಒಂದು ನಂಬರ್ ಬರೆದಿಡುತ್ತೆ. "ಇವತ್ತು ಜಾಸ್ತಿ ಐತಿ, ಏನು ಮಾಡೋಣು?" ಅಂತ ಕೇಳಿ ನೋಡಿ.

ಶಾಲೆಯಲ್ಲಿ ಮಾತ್ರ "ಶುಗರ್ ಐತಿ" ಅಂತ ಹೇಳಿ ಬಂದರೆ ಸಾಲದು. ಅಷ್ಟೇ ಕೇಳಿದ ಟೀಚರ್, ಶುಗರ್ ಲೋ ಆಗಿ ಮಗು ಬೆವೆತು ನಡುಗುವಾಗಲೂ ಸಿಹಿ ಕೊಡಲು ಹೆದರುತ್ತಾರೆ. ಒಂದು ಚೀಟಿಯಲ್ಲಿ ಬರೆದು ಕೊಡಿ: ಶುಗರ್ 70ಕ್ಕಿಂತ ಕಡಿಮೆ ಇದ್ದರೆ ತಕ್ಷಣ ಗ್ಲೂಕೋಸ್ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಎಷ್ಟು ಚಮಚ ಅಂತ ನಿಮ್ಮ ಡಾಕ್ಟರನ್ನು ಕೇಳಿ ಅದನ್ನೂ ಸೇರಿಸಿ.

ಹಾಗೇ ಮಾದಲಿ ಎಷ್ಟು ತಿಂದರೆ ಎಷ್ಟು ಯೂನಿಟ್ ಇನ್ಸುಲಿನ್ ಅಂತಲೂ ಕೇಳಿಟ್ಟುಕೊಳ್ಳಿ. ಮುಂದಿನ ಜಾತ್ರೆಯಲ್ಲಿ ಆ ನೆಂಟರು ಮತ್ತೆ ಬಾಯಿ ತೆರೆದರೆ, ಬಡಿಸುವವರ ಕಡೆ ತಿರುಗಿ "ಆಕಿ ಲೆಕ್ಕ ಆಕಿಗೆ ಗೊತ್ತೈತಿ, ನೀವು ಹಾಕ್ರಿ" ಅನ್ನಿ.