ಮೂಲೆಯಲ್ಲಿ ಏಳುವ ಜಾಹೀರಾತುಗಳು

ಪ್ರಶ್ನೆ: ನಮ್ಮ ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ, ಏನನ್ನೂ ತೆರೆಯದಿದ್ದರೂ ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂಬ ಚೌಕಗಳು ಮೇಲಿಂದ ಮೇಲೆ ಬರುತ್ತಿವೆ. ಅಂಗಡಿಯವರು ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕೆನ್ನುತ್ತಾರೆ. ಬೇರೆ ದಾರಿಯಿದೆಯೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಅಷ್ಟು ದೂರ ಹೋಗುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ‘ನೀವು ರೋಬಾಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ಯಾವುದೋ ಜಾಲತಾಣ ಕೇಳಿದಾಗ ಮನೆಯವರಲ್ಲಿ ಯಾರೋ ಒತ್ತಿರಬಹುದು; ಅದರಿಂದ ಆ ತಾಣಕ್ಕೆ ನೋಟಿಫಿಕೇಶನ್, ಅಂದರೆ ಮೂಲೆಯಲ್ಲಿ ಏಳುವ ಈ ಸೂಚನಾ ಚೌಕಗಳನ್ನು, ಕಳುಹಿಸುವ ಅನುಮತಿ ಸಿಕ್ಕಿರುತ್ತದೆ. ಕ್ರೋಮ್ ಬ್ರೌಸರ್ ಬಳಸುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಅಂಡ್ ಸೆಕ್ಯೂರಿಟಿ’, ಅದರೊಳಗೆ ‘ಸೈಟ್ ಸೆಟ್ಟಿಂಗ್ಸ್’, ಅಲ್ಲಿ ‘ನೋಟಿಫಿಕೇಶನ್ಸ್’ ತೆರೆದು, ಅನುಮತಿ ಪಡೆದ ತಾಣಗಳ ಪಟ್ಟಿಯಲ್ಲಿ ಗುರುತಿಲ್ಲದ ಹೆಸರಿನ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿ ‘ಬ್ಲಾಕ್’ ಮಾಡಿ.

ತೆರೆದ ಪುಟಗಳ ಒಳಗೂ ಜಾಹೀರಾತು ತೂರಿಕೊಳ್ಳುತ್ತಿದ್ದರೆ, ನೀವು ಹಾಕಿಕೊಳ್ಳದ ಎಕ್ಸ್‌ಟೆನ್ಶನ್‌ಗಳನ್ನು (ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶಗಳು) ತೆಗೆದುಹಾಕಿ, ವಿಂಡೋಸ್‌ನ ‘ಆ್ಯಪ್ಸ್’ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ನೋಡಿ, ಇತ್ತೀಚೆಗೆ ಸೇರಿಕೊಂಡ ಗುರುತಿಲ್ಲದ ಆ್ಯಪ್‌ಗಳನ್ನೂ ತೆಗೆಯಿರಿ. ಪುಕ್ಕಟೆ ಪಿಡಿಎಫ್ ಪರಿವರ್ತಕಗಳ ಜೊತೆಗೆ ಇಂಥವು ನುಸುಳುವುದು ಹೆಚ್ಚು. ಬಳಿಕ ವಿಂಡೋಸ್‌ನಲ್ಲೇ ಇರುವ ಡಿಫೆಂಡರ್‌ನಿಂದ ‘ಫುಲ್ ಸ್ಕ್ಯಾನ್’ ಮಾಡಿಸಿದರೆ ಸಾಕು, ಬೇರೆ ಆ್ಯಂಟಿವೈರಸ್‌ಗೆ ದುಡ್ಡು ಸುರಿಯಬೇಕಿಲ್ಲ. ಚೌಕದಲ್ಲಿ ಕಾಣುವ ದೂರವಾಣಿ ಸಂಖ್ಯೆಗೆ ಮಾತ್ರ ಕರೆ ಮಾಡಬೇಡಿ. ಈಗಾಗಲೇ ಕರೆ ಮಾಡಿ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.