ಕಾಲೇಜಿನಲ್ಲಿ ಓದುತ್ತಾ ಸೈಕಲ್ ರೇಸಿಂಗ್ ಶುರು ಮಾಡೋದು ಹೇಗೆ?

ಕಾಲೇಜಿಗೆ ಹೋಗುತ್ತಾ ರೇಸ್‌ಗೆ ಇಳಿಯಬಹುದಾ, ದುಬಾರಿ ಸೈಕಲ್ ಬೇಕೇ ಬೇಕಾ ಎಂದು ಕೇಳಿದ್ದೀರಿ. ಖಂಡಿತ ಇಳಿಯಬಹುದು. ನಿಮ್ಮ ಅಳತೆಗೆ ಸರಿಹೊಂದುವ ಹಳೆಯ ರೋಡ್ ಬೈಕ್ (ತೆಳು ಟೈರಿನ, ಬಾಗಿದ ಹ್ಯಾಂಡಲಿನ ಸೈಕಲ್), ಗಟ್ಟಿ ಬ್ರೇಕು, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ ಇದ್ದರೆ ಸಾಕು. ಹಗುರವಾದ ದುಬಾರಿ ಕಾರ್ಬನ್ ಫ್ರೇಮಿಗೆ ಈಗಲೇ ಸುಮ್ನೆ ದುಡ್ಡು ಸುರಿಯಬೇಡಿ.

ಹೊಸಬರಿಗೆ ನಿಜವಾಗಿ ಕಷ್ಟವಾಗುವುದು ಗುಂಪಿನಲ್ಲಿ ಓಡಿಸುವುದು. ಮುಂದಿನವರ ಬೆನ್ನಿಗೇ ಹೋದರೆ ಗಾಳಿಯ ತಡೆ ಕಡಿಮೆಯಾಗಿ, ಕಾಲುಭಾಗದಷ್ಟು ಶ್ರಮ ಉಳಿಯುತ್ತದೆ. ಆದರೆ ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಸೇರಿತೋ, ಅವರು ಚೂರು ವಾಲಿದರೂ ಬೀಳುವವರು ನೀವೇ. ಅದಕ್ಕೇ ಕಣ್ಣು ಅವರ ಭುಜದಾಚೆಗಿನ ದಾರಿಯ ಮೇಲಿರಲಿ. ಬ್ರೇಕನ್ನು ಗಕ್ಕನೆ ಹಿಡಿಯಬೇಡಿ, ಹಿಂದೆಯೂ ಜನ ಇರುತ್ತಾರೆ ಅಲ್ವಾ? ಇದೆಲ್ಲ ಒಬ್ಬರೇ ಕಲಿಯುವಂಥದ್ದಲ್ಲ. ಅನುಭವ ಇರುವ ಸವಾರರ ಜೊತೆ ಸೇರಿಕೊಳ್ಳಿ.

ವಾರಕ್ಕೆ ಆರೇಳು ಗಂಟೆ ತುಳಿದರೂ ಆರಂಭಕ್ಕೆ ಸಾಕು. ಜಾಸ್ತಿ ಹೊತ್ತು ಮಾತಾಡುತ್ತಾ ತುಳಿಯುವ ವೇಗದಲ್ಲಿ, ಒಂದೆರಡು ದಿನ ಮಾತ್ರ ಏದುಸಿರು ಬರುವಷ್ಟು ಜೋರಾಗಿ. ಪರೀಕ್ಷೆ ಬಂದರೆ ತರಬೇತಿ ಕಡಿಮೆ ಮಾಡಿ, ನಿದ್ದೆ ಕೆಡಿಸಿಕೊಳ್ಳಬೇಡಿ.

ಮೊದಲ ರೇಸ್ ಟೈಮ್ ಟ್ರಯಲ್ (ಒಬ್ಬೊಬ್ಬರೇ ತುಳಿದು, ತೆಗೆದುಕೊಂಡ ಸಮಯದ ಮೇಲೆ ಗೆಲುವು ನಿರ್ಧಾರವಾಗುವ ರೇಸ್) ಆದರೆ ಒಳ್ಳೆಯದು. ಒಬ್ಬೊಬ್ಬರನ್ನೇ ಬಿಡುವುದರಿಂದ ನೂಕುನುಗ್ಗಲಿನ ಭಯ ಇರುವುದಿಲ್ಲ.